ಕಂಪ್ಯೂಟರಿನಲ್ಲಿ ರೂಪಿಸಿದ ಪೆಪ್ಟೈಡ್ ಲಸಿಕೆಗಳು ವಾರ್ಡಿನವರೆಗೆ ಯಾಕೆ ಬರುತ್ತಿಲ್ಲ?

ತುಂಗಭದ್ರೆ_ಲ್ಯಾಬ್

ಎಲ್ಲರಿಗೂ ನಮಸ್ಕಾರ. ನಾನು ಮಧ್ಯ ಕರ್ನಾಟಕದ ಒಂದು ಆಸ್ಪತ್ರೆಯಲ್ಲಿ ಮೈಕ್ರೋಬಯಾಲಜಿಸ್ಟ್. ನವಜಾತ ಶಿಶುಗಳ ಐಸಿಯುನಿಂದ ಬರುವ ಬ್ಲಡ್ ಕಲ್ಚರ್‌ಗಳನ್ನು ನೋಡಿ ರಿಪೋರ್ಟಿಗೆ ಸಹಿ ಹಾಕುವವಳು ನಾನೇ. ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ ಬೆಳೆದಿದೆ ಅಂದರೆ ಕೆಳಗಿನ ಸಾಲುಗಳಲ್ಲಿ ಏನಿರುತ್ತದೆ ಅಂತ ಓದುವ ಮೊದಲೇ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತದೆ. ಸೆಫಲೋಸ್ಪೋರಿನ್ ಗುಂಪಿನ ಆಂಟಿಬಯಾಟಿಕ್‌ಗಳು ನಾಟುವುದಿಲ್ಲ. ಮೆರೋಪೆನೆಮ್ ಕೂಡ ಎಷ್ಟೋ ಸಲ ನಾಟುವುದಿಲ್ಲ. ಕೊನೆಗೆ ಕೊಲಿಸ್ಟಿನ್ ಉಳಿಯುತ್ತದೆ. ಅದು ಕಿಡ್ನಿಗೆ ಪೆಟ್ಟು ಕೊಡುವ ಔಷಧಿ, ಅದನ್ನು ಎರಡು ಕಿಲೋ ಕೂಡ ತೂಗದ ಮಗುವಿಗೆ ಕೊಡಬೇಕು.

2019ರ ಒಂದೇ ವರ್ಷದಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಅಂತ 2022ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಅಂದಾಜು ಹೇಳುತ್ತದೆ. ಅದರಲ್ಲಿ ಮುಂದಿನ ಸಾಲಿನಲ್ಲಿದ್ದ ಆರು ಬ್ಯಾಕ್ಟೀರಿಯಾಗಳಲ್ಲಿ ಕ್ಲೆಬ್ಸಿಯೆಲ್ಲಾ ಒಂದು, ಅಸಿನೆಟೋಬ್ಯಾಕ್ಟರ್ ಇನ್ನೊಂದು. ನನ್ನ ಮೇಜಿನ ಮೇಲೆ ದಿನಾ ಬರುವ ಹೆಸರುಗಳೇ ಇವು.

ನನ್ನ ಪ್ರಶ್ನೆ ಇಷ್ಟೇ. ಇವೇ ಬ್ಯಾಕ್ಟೀರಿಯಾಗಳಿಗೆ ಕಂಪ್ಯೂಟರಿನಲ್ಲೇ ಪೆಪ್ಟೈಡ್ (ಪ್ರೋಟೀನಿನ ಸಣ್ಣ ತುಣುಕು) ಲಸಿಕೆ ರೂಪಿಸಿದ್ದೇವೆ ಅಂತ ಹೇಳುವ ಲೇಖನಗಳು ಒಂದರ ಮೇಲೊಂದು ಬರುತ್ತಿವೆ. 'ಮಲ್ಟಿ-ಎಪಿಟೋಪ್ ಲಸಿಕೆ' ಅಂತ ಹುಡುಕಿದರೆ ಸಾಲುಗಟ್ಟಲೆ ಸಿಗುತ್ತವೆ. ಎಲ್ಲದರ ಕೊನೆಯಲ್ಲೂ 'ಪ್ರಯೋಗಾಲಯದಲ್ಲಿ ಪರೀಕ್ಷೆ ಆಗಬೇಕು' ಅನ್ನುವ ಒಂದು ಸಾಲು ಇರುತ್ತದೆ. ಆ ಪರೀಕ್ಷೆ ಮಾಡುವವರು ಯಾರು? ಇಷ್ಟು ಲಸಿಕೆಗಳ ವಿನ್ಯಾಸ ಇದ್ದರೂ ಒಂದಾದರೂ ನಮ್ಮ ವಾರ್ಡಿಗೆ ಯಾಕೆ ಬಂದಿಲ್ಲ? ಈ ಕೆಲಸ ಹತ್ತಿರದಿಂದ ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ.


ಪುತ್ತೂರು_ಪೆಪ್ಟೈಡ್

ಮೇಡಂ, ಒಳ್ಳೆಯ ಪ್ರಶ್ನೆ. ನಾನು ಕೆಲವು ವರ್ಷ ಈ ಲೆಕ್ಕಾಚಾರದ ಕಡೆ ಇದ್ದೆ, ಈಗ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪೆಪ್ಟೈಡ್ ಕೆಮಿಸ್ಟ್ರಿ ಮಾಡುತ್ತೇನೆ. ಮೊದಲು ಆ ಲೇಖನಗಳಲ್ಲಿ ಏನು ಮಾಡುತ್ತಾರೆ ಅಂತ ಹೇಳಿಬಿಡುತ್ತೇನೆ, ಎಲ್ಲರಿಗೂ ಅನುಕೂಲ.

ಬ್ಯಾಕ್ಟೀರಿಯಾದ ಜೀನೋಮ್‌ನಲ್ಲಿ ಸಾವಿರಾರು ಪ್ರೋಟೀನ್‌ಗಳ ಮಾಹಿತಿ ಇರುತ್ತದೆ. ಅದರಲ್ಲಿ ಜೀವಕೋಶದ ಹೊರಮೈಯಲ್ಲಿ ಇರುವಂಥವು ಯಾವುವು ಅಂತ ಪಿಸಾರ್ಟ್‌ಬಿ ತರಹದ ತಂತ್ರಾಂಶದಿಂದ ಆರಿಸುತ್ತಾರೆ. ಮನುಷ್ಯನ ಪ್ರೋಟೀನ್‌ಗೆ ಹೋಲುವುದನ್ನು ಬ್ಲಾಸ್ಟ್ ಎಂಬ ಹೋಲಿಕೆಯ ತಂತ್ರಾಂಶದಿಂದ ಹುಡುಕಿ ಕೈಬಿಡುತ್ತಾರೆ. ಎಲ್ಲ ತಳಿಗಳಲ್ಲೂ ಬದಲಾಗದೆ ಇರುವುದನ್ನು ಉಳಿಸಿಕೊಳ್ಳುತ್ತಾರೆ. ಇಲ್ಲಿವರೆಗಿನ ಕೆಲಸ ನಿಜಕ್ಕೂ ಗಟ್ಟಿ. ಕೈಯಲ್ಲಿ ಮಾಡಿದರೆ ವರ್ಷಗಟ್ಟಲೆ ಹಿಡಿಯುವ ಜರಡಿ ಇದು.

ಆಮೇಲೆ ಎಪಿಟೋಪ್ ಹುಡುಕಾಟ, ಅಂದರೆ ರೋಗನಿರೋಧಕ ವ್ಯವಸ್ಥೆ ಗುರುತಿಸುವ ತುಣುಕುಗಳ ಹುಡುಕಾಟ. ನಮ್ಮ ಜೀವಕೋಶಗಳು ಪ್ರೋಟೀನ್‌ಗಳನ್ನು ಕತ್ತರಿಸಿ, ತುಣುಕುಗಳನ್ನು ಎಂಎಚ್‌ಸಿ ಎಂಬ ಅಣುವಿನಲ್ಲಿ ಸಿಕ್ಕಿಸಿ ಹೊರಗೆ ತೋರಿಸುತ್ತವೆ. ಅಂಗಡಿಯವರು ಸರಕಿನ ಸ್ಯಾಂಪಲ್ಲನ್ನು ಬಾಗಿಲಲ್ಲಿ ತೂಗುಹಾಕಿದ ಹಾಗೆ. ರೋಗನಿರೋಧಕ ವ್ಯವಸ್ಥೆಯ ಟಿ-ಕೋಶಗಳು ಅದನ್ನು ನೋಡಿ ಒಳಗೆ ಏನಿದೆ ಅಂತ ತಿಳಿಯುತ್ತವೆ. ಮೊದಲನೇ ದರ್ಜೆಯ ಎಂಎಚ್‌ಸಿಯಲ್ಲಿ ಹೆಚ್ಚಾಗಿ 9 ಅಮೈನೋ ಆಮ್ಲದ ತುಣುಕು ಕೂರುತ್ತದೆ. ಎರಡನೇ ದರ್ಜೆಯದರಲ್ಲಿ 13ರಿಂದ 25ರಷ್ಟು ಉದ್ದದ್ದು ಕೂರುತ್ತದೆ, ಆದರೆ ಬಿಗಿಯಾಗಿ ಹಿಡಿದುಕೊಳ್ಳುವ ನಡುಭಾಗ ಅಲ್ಲೂ 9. ಯಾವ ತುಣುಕು ಯಾವ ಎಂಎಚ್‌ಸಿಗೆ ಅಂಟುತ್ತದೆ ಅಂತ ಊಹಿಸಲು ಡೆನ್ಮಾರ್ಕಿನ ನೆಟ್‌ಎಂಎಚ್‌ಸಿಪ್ಯಾನ್ ಇದೆ, ಅಮೆರಿಕದ ಐಇಡಿಬಿ ಇದೆ. ನಮ್ಮ ದೇಶದಲ್ಲೇ ಜಿ.ಪಿ.ಎಸ್. ರಾಘವ ಅವರ ತಂಡ ಮಾಡಿದ ಪ್ರೋಪ್ರೆಡ್, ಟಾಕ್ಸಿನ್‌ಪ್ರೆಡ್ ಇವೆ. ಎಲ್ಲ ಪುಕ್ಕಟೆ, ಬ್ರೌಸರಿನಲ್ಲೇ ಓಡುತ್ತವೆ.

ಕೊನೆಗೆ ಆರಿಸಿದ ತುಣುಕುಗಳನ್ನೆಲ್ಲ ಸಣ್ಣ ಲಿಂಕರ್‌ಗಳಿಂದ ಜೋಡಿಸಿ ಒಂದೇ ಉದ್ದದ ಪ್ರೋಟೀನ್ ಮಾಡುತ್ತಾರೆ. ಮುಂದೆ ಲಸಿಕೆಯ ಪರಿಣಾಮ ಹೆಚ್ಚಿಸುವ ಒಂದು ಅಡ್ಜುವೆಂಟ್ ತುಣುಕು ಸೇರಿಸುತ್ತಾರೆ, ಕಾಲರಾ ಟಾಕ್ಸಿನ್ನಿನ ಬಿ ಭಾಗವೋ ಇನ್ನೊಂದೋ. ರಚನೆ ಊಹಿಸಿ, ಟಿಎಲ್‌ಆರ್-4 (ಸೋಂಕನ್ನು ಗುರುತಿಸಿ ದೇಹವನ್ನು ಎಚ್ಚರಿಸುವ ನಮ್ಮದೇ ಪ್ರೋಟೀನ್) ಜೊತೆ ಡಾಕಿಂಗ್ ಮಾಡಿ, ಅಂದರೆ ಎರಡೂ ಹೇಗೆ ಅಂಟಬಹುದು ಅಂತ ಕಂಪ್ಯೂಟರಿನಲ್ಲಿ ನೋಡಿ, ಸಿಮ್ಯುಲೇಶನ್ ಓಡಿಸಿ, ಲೇಖನ ಬರೆಯುತ್ತಾರೆ.

ವಾರ್ಡಿಗೆ ಬರದೇ ಇರುವುದಕ್ಕೆ ಕಾರಣ ಈ ದಾರಿಯಲ್ಲೇ ಇದೆ. ಇದರಲ್ಲಿ ಎಲ್ಲೂ ಯಾರೂ 'ಈ ಬ್ಯಾಕ್ಟೀರಿಯಾದಿಂದ ಮನುಷ್ಯನನ್ನು ನಿಜಕ್ಕೂ ಕಾಪಾಡುವುದು ಯಾವುದು' ಅಂತ ಕೇಳಿಲ್ಲ. ಎಂಎಚ್‌ಸಿಗೆ ಅಂಟುವ ತುಣುಕು ಸಿಕ್ಕರೆ ಲಸಿಕೆ ಸಿಕ್ಕಂತೆ ಅಂತ ಅಂದುಕೊಂಡು ಮುಂದೆ ಹೋಗಿದ್ದಾರೆ.


ಧಾರವಾಡ_ಎಂಎಸ್ಸಿ

ಸರ್, ನಮಸ್ಕಾರ. ನಾನು ಇದನ್ನೇ ಪ್ರಾಜೆಕ್ಟ್ ಮಾಡ್ತಾ ಇದ್ದೀನಿ. ಅಸಿನೆಟೋಬ್ಯಾಕ್ಟರ್ ಬೌಮಾನಿಯ ಹೊರಪೊರೆಯ ಓಎಂಪಿ-ಎ ಪ್ರೋಟೀನ್ ತಗೊಂಡಿದ್ದೀನಿ. ಪ್ರೋಟೀನ್ ಲಸಿಕೆಗೆ ಆಗುತ್ತದೆಯೇ ಅಂತ ಊಹಿಸುವ ವ್ಯಾಕ್ಸಿಜೆನ್ ತಂತ್ರಾಂಶದಲ್ಲಿ ಸ್ಕೋರ್ ಚೆನ್ನಾಗಿ ಬಂದಿದೆ. ಟಿಎಲ್‌ಆರ್-4 ಜೊತೆ ಡಾಕಿಂಗ್ ಎನರ್ಜಿ ಕೂಡ ತುಂಬಾ ಕಡಿಮೆ ಬಂತು, ಅಂದರೆ ಗಟ್ಟಿಯಾಗಿ ಅಂಟುತ್ತದೆ ಅಂತ ಅಲ್ವಾ? ರಾಮಚಂದ್ರನ್ ಪ್ಲಾಟ್‌ನಲ್ಲೂ ಬಹುತೇಕ ಎಲ್ಲ ಸರಿ ಜಾಗದಲ್ಲಿವೆ. ದೇಹದ ರೋಗನಿರೋಧಕ ಪ್ರತಿಕ್ರಿಯೆಯನ್ನು ಅನುಕರಿಸುವ ಸಿ-ಇಮ್‌ಸಿಮ್‌ನಲ್ಲಿ ಆಂಟಿಬಾಡಿ ಮೇಲೇರುವ ಗ್ರಾಫ್ ಕೂಡ ಬಂದಿದೆ. ಇಷ್ಟೆಲ್ಲ ಸರಿಯಾಗಿ ಬಂದ ಮೇಲೆ ಇದು ಕೆಲಸ ಮಾಡುವ ಸಾಧ್ಯತೆ ಜಾಸ್ತಿ ಅಂತ ಹೇಳಬಹುದಾ? ಮುಂದಿನ ತಿಂಗಳು ಪ್ರೆಸೆಂಟೇಶನ್ ಇದೆ.


ಬಿಸಿಲನಾಡ_ಮಕ್ಕಳವೈದ್ಯ

ಲೆಕ್ಕಾಚಾರದ ಮಾತಿಗೆ ಪುತ್ತೂರಿನವರು ಉತ್ತರ ಕೊಡುತ್ತಾರೆ. ನಾನು ವಾರ್ಡಿನ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ.

ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ ಡೆನಿಸ್ ಎಂಬ ಅಧ್ಯಯನ ನಡೆಯಿತು. ಶಿಶುಗಳ ರಕ್ತದಲ್ಲಿ ಸಿಕ್ಕ ಬ್ಯಾಕ್ಟೀರಿಯಾಗಳಲ್ಲಿ ಅಸಿನೆಟೋಬ್ಯಾಕ್ಟರ್ 22%, ಕ್ಲೆಬ್ಸಿಯೆಲ್ಲಾ 17%, ಇ. ಕೋಲೈ 14%. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಸಮಯ. ಸೆಪ್ಸಿಸ್ (ಸೋಂಕು ರಕ್ತಕ್ಕೆ ಹರಡುವುದು) ಆದ ಮೂರರಲ್ಲಿ ಸುಮಾರು ಎರಡು ಪಾಲು ಪ್ರಕರಣ ಹುಟ್ಟಿದ 72 ಗಂಟೆಯೊಳಗೇ ಶುರುವಾಗಿತ್ತು.

ಈಗ ಯೋಚನೆ ಮಾಡಿ. ಹುಟ್ಟಿದ ಮಗುವಿಗೆ ಲಸಿಕೆ ಚುಚ್ಚಿದರೆ ಅದರ ದೇಹ ಪ್ರತಿಕ್ರಿಯೆ ತೋರಿಸಲು ವಾರಗಳು ಬೇಕು. ಮೂರು ದಿನದೊಳಗೆ ಬರುವ ರೋಗಕ್ಕೆ ಅದು ಉಪಯೋಗವಿಲ್ಲ. ಇರುವ ದಾರಿ ಒಂದೇ: ಗರ್ಭಿಣಿಗೆ ಲಸಿಕೆ ಕೊಡಬೇಕು, ತಾಯಿಯ ಐಜಿಜಿ ಆಂಟಿಬಾಡಿ ಮಾಸು ದಾಟಿ ಮಗುವಿಗೆ ಹೋಗಬೇಕು. ಟೆಟನಸ್ಸಿಗೆ ನಾವು ದಶಕಗಳಿಂದ ಇದನ್ನೇ ಮಾಡುತ್ತಿದ್ದೇವೆ. ಶಿಶುಗಳ ಶ್ವಾಸಕೋಶಕ್ಕೆ ತಗುಲುವ ಆರ್‌ಎಸ್‌ವಿ ವೈರಸ್ಸಿಗೂ 2023ರಲ್ಲಿ ಗರ್ಭಿಣಿಯರಿಗೆ ಕೊಡುವ ಲಸಿಕೆಗೆ ಅಮೆರಿಕ, ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿತು.

ಮಾಸು ದಾಟಿ ಮಗುವನ್ನು ಕಾಪಾಡುವುದು ತಾಯಿಯ ಆಂಟಿಬಾಡಿ, ತಾಯಿಯ ಟಿ-ಕೋಶಗಳಲ್ಲ. ಹಾಗಿರುವಾಗ ಮೊದಲ ದರ್ಜೆ ಎಂಎಚ್‌ಸಿಗೆ ಅಂಟುವ, ಸೈಟೋಟಾಕ್ಸಿಕ್ ಟಿ-ಕೋಶಗಳನ್ನು ಎಬ್ಬಿಸುವ ಎಪಿಟೋಪ್‌ಗಳನ್ನು ಆರಿಸಿ ಕ್ಲೆಬ್ಸಿಯೆಲ್ಲಾ ಲಸಿಕೆ ಮಾಡಿದರೆ ನನ್ನ ವಾರ್ಡಿನ ಮಗುವಿಗೆ ಏನು ಸಿಕ್ಕಿತು? ಆ ಟಿ-ಕೋಶಗಳ ಮುಖ್ಯ ಕೆಲಸ ವೈರಸ್ ಹೊಕ್ಕ ಜೀವಕೋಶವನ್ನು ಕೊಲ್ಲುವುದು. ಕ್ಲೆಬ್ಸಿಯೆಲ್ಲಾ ರಕ್ತದಲ್ಲಿ, ಜೀವಕೋಶದ ಹೊರಗೆ ಇರುವ ಶತ್ರು. ವೈರಸ್ಸಿಗೆ, ಕ್ಯಾನ್ಸರಿಗೆ ಮಾಡಿದ ವಿಧಾನವನ್ನು ಹಾಗೇ ಎತ್ತಿ ಇಲ್ಲಿಗೆ ತಂದಿದ್ದಾರೆ ಅಂತ ನನಗೆ ಅನ್ನಿಸುತ್ತದೆ.

ಇನ್ನೂ ಒಂದು ತೊಡಕು ಇದೆ. ತಾಯಿಯಿಂದ ಆಂಟಿಬಾಡಿ ಹೋಗುವುದು ಹೆಚ್ಚಾಗಿ ಕೊನೆಯ ಮೂರು ತಿಂಗಳಲ್ಲಿ. ಸೆಪ್ಸಿಸ್ಸಿಗೆ ಸುಲಭವಾಗಿ ತುತ್ತಾಗುವುದು ಅವಧಿಗೆ ಮೊದಲೇ ಹುಟ್ಟಿದ ಮಕ್ಕಳು. 30 ವಾರಕ್ಕೆ ಹುಟ್ಟಿದ ಮಗುವಿಗೆ ತಾಯಿಯ ಪಾಲು ಪೂರ್ತಿ ಬಂದಿರುವುದೇ ಇಲ್ಲ. ಹಾಗಾಗಿ ಲಸಿಕೆಯನ್ನು ಯಾವ ವಾರದಲ್ಲಿ ಕೊಡುತ್ತೇವೆ ಅನ್ನುವುದು ಯಾವ ಪೆಪ್ಟೈಡ್ ಅನ್ನುವಷ್ಟೇ ಮುಖ್ಯ.


ಪುತ್ತೂರು_ಪೆಪ್ಟೈಡ್

ಡಾಕ್ಟ್ರೇ, ಇದನ್ನು ಇಷ್ಟು ಸರಳವಾಗಿ ಯಾವ ಲೇಖನದಲ್ಲೂ ನಾನು ಓದಿಲ್ಲ. ತುಂಬಾ ಥ್ಯಾಂಕ್ಸ್.

ಧಾರವಾಡದವರೇ, ನಿಮಗೆ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನೀವು ಮಾಡಿದ ಕೆಲಸ ಕಲಿಕೆಗೆ ಒಳ್ಳೆಯದು. ಆದರೆ ಆ ನಾಲ್ಕು ಫಲಿತಾಂಶಗಳಿಂದ 'ಕೆಲಸ ಮಾಡುವ ಸಾಧ್ಯತೆ ಜಾಸ್ತಿ' ಅಂತ ಹೇಳಲು ಬರುವುದಿಲ್ಲ.

ವ್ಯಾಕ್ಸಿಜೆನ್ 2007ರದು. ಬ್ಯಾಕ್ಟೀರಿಯಾಗಳ ವಿಭಾಗಕ್ಕೆ ಗೊತ್ತಿದ್ದ 100 ಆಂಟಿಜೆನ್‌ಗಳನ್ನೂ (ರೋಗನಿರೋಧಕ ಪ್ರತಿಕ್ರಿಯೆ ಎಬ್ಬಿಸುವ ಪ್ರೋಟೀನ್‌ಗಳು) ಆಂಟಿಜೆನ್ ಅಲ್ಲದ 100 ಪ್ರೋಟೀನ್‌ಗಳನ್ನೂ ತೋರಿಸಿ ಕಲಿಸಿದ ಮಾದರಿ ಅದು. ಇಡೀ ಪ್ರೋಟೀನ್‌ಗಳಿಂದ ಕಲಿತದ್ದು. ಅದಕ್ಕೆ 9 ಅಕ್ಷರದ (ಅಂದರೆ 9 ಅಮೈನೋ ಆಮ್ಲದ) ತುಣುಕು ಕೊಟ್ಟು 0.4ಕ್ಕಿಂತ ಮೇಲೆ ಬಂತು ಅಂತ ಖುಷಿಪಡುವುದರಲ್ಲಿ ಅರ್ಥ ಕಡಿಮೆ.

ಡಾಕಿಂಗ್ ತಂತ್ರಾಂಶಕ್ಕೆ ಯಾವ ಎರಡು ಪ್ರೋಟೀನ್ ಕೊಟ್ಟರೂ ಅಂಟಿದ ಒಂದು ಭಂಗಿಯನ್ನು ಕೊಟ್ಟೇ ಕೊಡುತ್ತದೆ. 'ಇವು ಅಂಟುವುದಿಲ್ಲ' ಅಂತ ಅದು ಹೇಳುವುದಿಲ್ಲ. ಇನ್ನು ಟಿಎಲ್‌ಆರ್-4 ನಮ್ಮ ದೇಹದಲ್ಲಿ ಮುಖ್ಯವಾಗಿ ಗುರುತಿಸುವುದು ಎಲ್‌ಪಿಎಸ್ ಎಂಬ ಕೊಬ್ಬು-ಸಕ್ಕರೆಯ ಅಣುವನ್ನು, ಅದೂ ಎಂಡಿ-2 ಎಂಬ ಜೊತೆಗಾರನ ಸಹಾಯದಿಂದ. ಸೇರಿಸಿದ ಅಡ್ಜುವೆಂಟ್ ತುಣುಕಿಗೆ ಟಿಎಲ್‌ಆರ್ ಜೊತೆ ನಂಟಿರಬಹುದು. ಆದರೆ ನಿಮ್ಮ ಪೂರ್ತಿ ಪ್ರೋಟೀನ್ ಅದಕ್ಕೆ ಹೋಗಿ ಅಂಟಿ ಎಚ್ಚರಿಸುತ್ತದೆ ಅಂತ ಡಾಕಿಂಗ್ ಎನರ್ಜಿ ಸಾಬೀತು ಮಾಡುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ವಿಷಯ ಕ್ಯಾಪ್ಸೂಲ್. ಕ್ಲೆಬ್ಸಿಯೆಲ್ಲಾ ಮೈತುಂಬ ದಪ್ಪ ಸಕ್ಕರೆಯ ಪದರ ಹೊದ್ದಿರುತ್ತದೆ. ಮೇಡಂ, ಪ್ಲೇಟಿನಲ್ಲಿ ಕಾಲೊನಿ ಲೋಳೆಲೋಳೆಯಾಗಿ ಕಾಣುವುದು ನಿಮಗೆ ಗೊತ್ತೇ ಇದೆ. ಹೊರಪೊರೆಯ ಪ್ರೋಟೀನ್‌ಗಳು ಆ ಪದರದ ಅಡಿಯಲ್ಲಿ, ಎಲ್‌ಪಿಎಸ್ ಸಕ್ಕರೆ ಸರಪಳಿಗಳ ನಡುವೆ ಹುದುಗಿರುತ್ತವೆ. ಪಿಸಾರ್ಟ್‌ಬಿ 'ಹೊರಪೊರೆ' ಅಂದ ತಕ್ಷಣ ಆಂಟಿಬಾಡಿಗೆ ಅದು ಸಿಗುತ್ತದೆ ಅಂತ ಅಲ್ಲ. ಎಪಿಟೋಪ್ ಸರಿ ಇರಬಹುದು, ಆಂಟಿಬಾಡಿಯೂ ಬರಬಹುದು, ಆದರೆ ಜೀವಂತ ಬ್ಯಾಕ್ಟೀರಿಯಾದ ಮೈಗೆ ಅದರ ಕೈ ತಲುಪದೇ ಹೋಗಬಹುದು.

ಹಾಗಾದರೆ ಕ್ಯಾಪ್ಸೂಲಿಗೇ ಲಸಿಕೆ ಮಾಡೋಣ ಅಂದರೆ ಅದರಲ್ಲಿ ವಿಧಗಳು ಜಾಸ್ತಿ. ಸೀರಮ್ ಪರೀಕ್ಷೆಯಿಂದ ವಿಂಗಡಿಸಿದ ಹಳೆಯ ಪಟ್ಟಿಯಲ್ಲೇ 77 ಇದ್ದವು, ಜೀನೋಮ್ ನೋಡಿದರೆ 100 ದಾಟುತ್ತವೆ. ಪ್ರೋಟೀನ್ ತುಣುಕು ಹುಡುಕುವ ಆಸೆ ಹುಟ್ಟಿದ್ದೇ ಇದರಿಂದ. ಆಸೆ ತಪ್ಪಲ್ಲ. ಆದರೆ ತುಣುಕು ಆರಿಸುವಾಗ ಕ್ಯಾಪ್ಸೂಲನ್ನು ಮರೆತುಬಿಡುತ್ತೇವೆ.

ಇದರ ಜೊತೆ ಆಂಟಿಬಾಡಿ ತಯಾರಿಸುವ ಬಿ-ಕೋಶಗಳ ಕಥೆ ಬೇರೆ. ಆಂಟಿಬಾಡಿ ಗುರುತಿಸುವ ಜಾಗಗಳಲ್ಲಿ ಬಹುಪಾಲು ಸರಪಳಿಯ ಒಂದೇ ತುಂಡಲ್ಲ. ಪ್ರೋಟೀನ್ ಮಡಚಿಕೊಂಡಾಗ ದೂರದೂರದ ಭಾಗಗಳು ಹತ್ತಿರ ಬಂದು ಆಗುವ ಮೇಲ್ಮೈ ಅದು. ಅದನ್ನು ಕತ್ತರಿಸಿ 15 ಅಕ್ಷರದ ದಾರ ಮಾಡಿದರೆ ಆ ಆಕಾರವೇ ಇರುವುದಿಲ್ಲ.


ಹಳೇ_ಮೇಷ್ಟ್ರು

ನಾನು ಬಯೋಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತನಾದವನು. ಧಾರವಾಡದ ಮಗು ರಾಮಚಂದ್ರನ್ ಪ್ಲಾಟ್ ಅಂದಿದ್ದಕ್ಕೆ ಒಂದೆರಡು ಮಾತು.

ಜಿ.ಎನ್. ರಾಮಚಂದ್ರನ್ ಅವರು 1963ರಲ್ಲಿ ಮದರಾಸಿನಲ್ಲಿ ರಾಮಕೃಷ್ಣನ್, ಶಶಿಶೇಖರನ್ ಜೊತೆ ಸೇರಿ ಅದನ್ನು ಪ್ರಕಟಿಸಿದರು. ಪೆಪ್ಟೈಡ್ ಸರಪಳಿ ಯಾವ ಕೋನಗಳಲ್ಲಿ ತಿರುಗಿದರೆ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲ ಅನ್ನುವುದು ಅದರ ವಿಷಯ. ಆಮೇಲೆ ಬೆಂಗಳೂರಿನ ಐಐಎಸ್‌ಸಿಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ಯುನಿಟ್ ಕಟ್ಟಿದರು. ಆ ವಿಭಾಗದಲ್ಲಿ ಪೆಪ್ಟೈಡ್‌ಗಳ ಮೇಲೆ ನಡೆದ ಕೆಲಸ ಜಗತ್ತಿಗೇ ಗೊತ್ತು. ನನ್ನ ವಿದ್ಯಾರ್ಥಿಗಳಿಗೆ ಆ ಪ್ಲಾಟ್ ಬರೆದು ತೋರಿಸುವಾಗ ನನಗೆ ಪ್ರತಿ ಸಲವೂ ಹೆಮ್ಮೆ ಆಗುತ್ತಿತ್ತು.

ಆ ಪ್ಲಾಟ್ ಹೇಳುವುದು ಒಂದೇ ಮಾತು ಮಗು: 'ನೀನು ಊಹಿಸಿದ ರಚನೆ ಭೌತಿಕವಾಗಿ ಸಾಧ್ಯ.' ರಚನೆ ನಿಜವಾಗಿ ಹಾಗೇ ಇದೆ ಅಂತಲೂ ಅಲ್ಲ, ಅದು ಲಸಿಕೆ ಆಗುತ್ತದೆ ಅಂತಲೂ ಅಲ್ಲ. ಪ್ರೆಸೆಂಟೇಶನ್‌ನಲ್ಲಿ ಯಾರಾದರೂ ಕೇಳಿದರೆ ಹೀಗೇ ಹೇಳು, ಗಟ್ಟಿಯಾಗಿ ನಿಲ್ಲುತ್ತದೆ.

ನನಗೂ ಒಂದು ಪ್ರಶ್ನೆ ಇದೆ. ಕಂಪ್ಯೂಟರಿನಿಂದ ಶುರುವಾಗಿ ಜನರ ತೋಳಿನವರೆಗೆ ಬಂದ ಬ್ಯಾಕ್ಟೀರಿಯಾ ಲಸಿಕೆ ಒಂದೂ ಇಲ್ಲವೇ?


ಮೈಸೂರು_ಮೆಲ್ಬರ್ನ್

ಇದೆ ಮೇಷ್ಟ್ರೇ. ಮಿದುಳಿನ ಪೊರೆಗೆ ಸೋಂಕು ತರುವ ಮೆನಿಂಜೊಕಾಕಸ್ ಬಿಗೆ ಮಾಡಿದ ಲಸಿಕೆ.

ಈ ಬ್ಯಾಕ್ಟೀರಿಯಾದ ಕ್ಯಾಪ್ಸೂಲ್ ನಮ್ಮ ನರಕೋಶಗಳ ಮೇಲಿನ ಸಕ್ಕರೆಯನ್ನೇ ಹೋಲುತ್ತದೆ. ಹಾಗಾಗಿ ಉಳಿದ ಮೆನಿಂಜೊಕಾಕಸ್‌ಗಳಿಗೆ ಮಾಡಿದ ಹಾಗೆ ಕ್ಯಾಪ್ಸೂಲ್ ಲಸಿಕೆ ಮಾಡಲು ಆಗಲಿಲ್ಲ. ರಿನೋ ರಾಪ್ಪುಯೋಲಿ ಅವರ ತಂಡ ಜೀನೋಮನ್ನೇ ಓದಿ ಶುರುಮಾಡಿತು. 2000ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಕಂಪ್ಯೂಟರ್ ಸುಮಾರು 600 ಪ್ರೋಟೀನ್‌ಗಳನ್ನು ಆರಿಸಿಕೊಟ್ಟಿತು. ಅದರಲ್ಲಿ 350ನ್ನು ಲ್ಯಾಬಿನಲ್ಲಿ ನಿಜವಾಗಿ ತಯಾರಿಸಿ ಇಲಿಗಳಿಗೆ ಚುಚ್ಚಿದರು. ಅವುಗಳ ರಕ್ತದಿಂದ ತೆಗೆದ, ಆಂಟಿಬಾಡಿ ಇರುವ ಸೀರಮ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆಯೇ ಅಂತ ನೋಡಿದರು. ಕೊನೆಗೆ ಉಳಿದದ್ದು 30ರೊಳಗೆ. ಅದರಿಂದ ಮೂರು ಮುಖ್ಯ ಪ್ರೋಟೀನ್ ಆರಿಸಿ, ನ್ಯೂಜಿಲೆಂಡ್ ತಳಿಯ ಹೊರಪೊರೆಯ ಗುಳ್ಳೆಗಳ ಜೊತೆ ಸೇರಿಸಿ ಬೆಕ್ಸೆರೋ ಎಂಬ ಲಸಿಕೆ ಮಾಡಿದರು. ಯುರೋಪಿನಲ್ಲಿ 2013ರಲ್ಲಿ ಒಪ್ಪಿಗೆ ಸಿಕ್ಕಿತು.

ಇಲ್ಲಿ ಗಮನಿಸಬೇಕಾದ್ದು ಅವರ ಕೈಯಲ್ಲಿ ಒಂದು ಖಚಿತ ಪರೀಕ್ಷೆ ಇತ್ತು ಅನ್ನುವುದು. ಸೀರಮ್ ಬ್ಯಾಕ್ಟೀರಿಯಾವನ್ನು ಕೊಂದರೆ ಮನುಷ್ಯನಿಗೂ ರಕ್ಷಣೆ ಸಿಗುತ್ತದೆ ಅಂತ ಮೊದಲೇ ತಿಳಿದಿತ್ತು. ಕ್ಲೆಬ್ಸಿಯೆಲ್ಲಾಗೆ ಅಂಥ ಒಪ್ಪಿತ ಅಳತೆಗೋಲು ಇನ್ನೂ ಇಲ್ಲ. ಇನ್ನೊಂದು ವಿಷಯ, ಅವರು ಬಳಸಿದ್ದು ಪೂರ್ತಿ ಪ್ರೋಟೀನ್‌ಗಳನ್ನು, ತುಣುಕುಗಳನ್ನಲ್ಲ.

ನಿಮ್ಮ ವಿಷಯಕ್ಕೆ ಹತ್ತಿರದ ಒಂದು ಖುಷಿಯ ಸುದ್ದಿಯೂ ಇದೆ. ಗೊನೊರಿಯಾ ಮೆನಿಂಜೊಕಾಕಸ್‌ನ ಹತ್ತಿರದ ನಂಟ, ಔಷಧಿಗಳಿಗೆ ಬಗ್ಗದೇ ಬೆಳೆಯುತ್ತಿರುವ ರೋಗ. ನ್ಯೂಜಿಲೆಂಡಿನಲ್ಲಿ ಆ ಗುಳ್ಳೆಯ ಹಳೆಯ ಲಸಿಕೆ ತಗೊಂಡವರಲ್ಲಿ ಗೊನೊರಿಯಾ ಸುಮಾರು 31% ಕಡಿಮೆ ಅಂತ 2017ರಲ್ಲಿ ಕಂಡುಬಂತು. ಇಂಗ್ಲೆಂಡಿನಲ್ಲಿ 2025ರ ಆಗಸ್ಟ್‌ನಿಂದ ಅಪಾಯ ಜಾಸ್ತಿ ಇರುವವರಿಗೆ ಈ ಕಾರಣಕ್ಕೇ ಬೆಕ್ಸೆರೋ ಲಸಿಕೆ ಕೊಡುತ್ತಿದ್ದಾರೆ.

ಆದರೆ ಡಾಕ್ಟ್ರೇ, ಒಂದು ಕಡೆ ನಿಮ್ಮ ಮಾತಿಗೆ ನನ್ನ ತಕರಾರು ಇದೆ. ಟಿ-ಕೋಶಗಳನ್ನು ಪೂರ್ತಿ ಬದಿಗಿಡಬೇಡಿ. ಇಲಿಗಳಲ್ಲಿ ಟಿಎಚ್-17 ಎಂಬ ಬಗೆಯ ಟಿ-ಕೋಶಗಳು ಕ್ಲೆಬ್ಸಿಯೆಲ್ಲಾದ ಕ್ಯಾಪ್ಸೂಲ್ ಯಾವುದೇ ಇರಲಿ, ಶ್ವಾಸಕೋಶವನ್ನು ಕಾಪಾಡುತ್ತವೆ ಅಂತ 2011ರಲ್ಲೇ ತೋರಿಸಿದ್ದಾರೆ. ಟಿ-ಕೋಶಕ್ಕೆ ಬೇಕಾದ ಪ್ರೋಟೀನ್ ಕ್ಯಾಪ್ಸೂಲ್ ಅಡಿಯಲ್ಲಿದ್ದರೂ ತೊಂದರೆ ಇಲ್ಲ, ಬ್ಯಾಕ್ಟೀರಿಯಾವನ್ನು ನುಂಗಿ ಕತ್ತರಿಸಿದ ಮೇಲೆ ತುಣುಕು ಹೊರಗೆ ಬರುತ್ತದಲ್ಲ. ವೆಂಟಿಲೇಟರ್ ಮೇಲಿರುವ ದೊಡ್ಡವರ ನ್ಯುಮೋನಿಯಾಕ್ಕೆ ಈ ದಾರಿ ಯೋಚಿಸಲು ಯೋಗ್ಯ. ಶಿಶುಗಳಿಗೆ ಮಾತ್ರ ನಿಮ್ಮ ಮಾತೇ ಸರಿ.


ಬಿಸಿಲನಾಡ_ಮಕ್ಕಳವೈದ್ಯ

ಒಪ್ಪಿದೆ. ನಾನು ಸೈಟೋಟಾಕ್ಸಿಕ್ ಬಗೆಯ ಮೇಲೆ ಮಾತಾಡಿದೆ, ಸಹಾಯಕ ಟಿ-ಕೋಶಗಳ ಮೇಲಲ್ಲ. ಅವಿಲ್ಲದೆ ಒಳ್ಳೆಯ ಆಂಟಿಬಾಡಿಯೂ ಬರುವುದಿಲ್ಲ. ಹಾಗಿದ್ದರೆ ಯಾರಿಗೆ, ಯಾವ ರೋಗಕ್ಕೆ ಅಂತ ಮೊದಲು ತೀರ್ಮಾನಿಸಿ ಆಮೇಲೆ ಎಪಿಟೋಪ್ ಬಗೆ ಆರಿಸಬೇಕು. ನಾನು ಓದಿದ ವಿನ್ಯಾಸದ ಲೇಖನಗಳಲ್ಲಿ ಎರಡೂ ಬಗೆಯ ಟಿ-ಕೋಶ, ಜೊತೆಗೆ ಬಿ-ಕೋಶ, ಎಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಿರುತ್ತಾರೆ. ಯಾರಿಗಾಗಿ ಅಂತ ಬರೆದಿರುವುದಿಲ್ಲ.


ತುಂಗಭದ್ರೆ_ಲ್ಯಾಬ್

ಪುತ್ತೂರಿನವರೇ, ಮೆಲ್ಬರ್ನಿನವರೇ, ಒಂದು ವಿಷಯ ಚುಚ್ಚುತ್ತಿದೆ. ಕಂಪ್ಯೂಟರ್ ದಾರಿ ಬಿಡಿ, ದೊಡ್ಡ ಕಂಪನಿಗಳು ಕೋಟಿಗಟ್ಟಲೆ ಸುರಿದು ಈ ಆಸ್ಪತ್ರೆ ಬ್ಯಾಕ್ಟೀರಿಯಾಗಳಿಗೆ ಲಸಿಕೆ ಪ್ರಯತ್ನಿಸಿವೆ ಅಲ್ವಾ? ಅವು ಏನಾದವು?


ಮೈಸೂರು_ಮೆಲ್ಬರ್ನ್

ನೋವಿನ ಪಟ್ಟಿ ಮೇಡಂ, ಆದರೆ ಈ ಕೆಲಸಕ್ಕೆ ಇಳಿಯುವವರು ಓದಲೇಬೇಕಾದದ್ದು.

ಮರ್ಕ್ ಕಂಪನಿಯ ವಿ710 ಸ್ಟ್ಯಾಫಿಲೋಕಾಕಸ್ ಆರಿಯಸ್ ವಿರುದ್ಧದ್ದು. ಕಬ್ಬಿಣಾಂಶ ಹೀರಲು ಆ ಬ್ಯಾಕ್ಟೀರಿಯಾ ಬಳಸುವ ಐಎಸ್‌ಡಿ-ಬಿ ಎಂಬ ಹೊರಮೈ ಪ್ರೋಟೀನ್ ಅದರಲ್ಲಿತ್ತು. ತಳಿಗಳಲ್ಲೆಲ್ಲ ಬದಲಾಗದೆ ಇರುವ ಪ್ರೋಟೀನ್, ಹೊರಮೈಯಲ್ಲಿದೆ, ಇಲಿಗಳಲ್ಲಿ ರಕ್ಷಣೆ ಕೊಟ್ಟಿತು. ಪುತ್ತೂರಿನವರು ಹೇಳಿದ ಜರಡಿಗಳನ್ನೆಲ್ಲ ದಾಟುವಂಥದ್ದು. ಹೃದಯ ಮತ್ತು ಎದೆಯ ಶಸ್ತ್ರಚಿಕಿತ್ಸೆಗೆ ಹೋಗುವ ಸುಮಾರು 8,000 ಜನರ ಮೇಲೆ ಪ್ರಯೋಗ ನಡೆಯಿತು. ಆಂಟಿಬಾಡಿ ಚೆನ್ನಾಗಿ ಬಂತು, ರಕ್ಷಣೆ ಸಿಗಲಿಲ್ಲ. 2011ರಲ್ಲಿ ನಿಲ್ಲಿಸಿದರು. ಅದಕ್ಕಿಂತ ಕೆಟ್ಟದ್ದೆಂದರೆ ಆಮೇಲೆ ಸ್ಟ್ಯಾಫ್ ಸೋಂಕು ತಗುಲಿದವರಲ್ಲಿ ಲಸಿಕೆ ತಗೊಂಡವರೇ ಹೆಚ್ಚು ಸತ್ತಿದ್ದರು. ಹಾಗಾಗಿ ಆಂಟಿಬಾಡಿ ಬಂದರೆ ಸಾಕು, ಲಸಿಕೆಯಿಂದ ಕೆಟ್ಟದ್ದಂತೂ ಆಗುವುದಿಲ್ಲ ಅಂತ ಸುಮ್ನೆ ಅಂದುಕೊಳ್ಳುವ ಹಾಗಿಲ್ಲ.

ಸೂಡೊಮೊನಾಸ್‌ಗೆ ವಾಲ್ನೆವಾದವರು ಎರಡು ಹೊರಪೊರೆ ಪ್ರೋಟೀನ್‌ಗಳ ಭಾಗಗಳನ್ನು ಜೋಡಿಸಿ ಲಸಿಕೆ ಮಾಡಿದ್ದರು. ವೆಂಟಿಲೇಟರ್ ಮೇಲಿದ್ದ ರೋಗಿಗಳಲ್ಲಿ ಆಂಟಿಬಾಡಿ ಬಂತು, ಸಾವು ಕಡಿಮೆಯಾಗಲಿಲ್ಲ. ಇ. ಕೋಲೈಗೆ ಜಾನ್ಸನ್ ಆ್ಯಂಡ್ ಜಾನ್ಸನ್ ಮತ್ತು ಸನೋಫಿ ಸೇರಿ ವಯಸ್ಸಾದವರಲ್ಲಿ ನಡೆಸುತ್ತಿದ್ದ ಮೂರನೇ ಹಂತದ ಪ್ರಯೋಗವನ್ನು 2025ರ ಫೆಬ್ರವರಿಯಲ್ಲಿ ನಿಲ್ಲಿಸಿದರು, ಫಲ ಕಾಣಲಿಲ್ಲ ಅಂತ.


ಬಿಸಿಲನಾಡ_ಮಕ್ಕಳವೈದ್ಯ

ಇದನ್ನೆಲ್ಲ ಓದಿ ಧಾರವಾಡದವರು ಕೈಬಿಡಬಾರದು. ಗೆದ್ದದ್ದೂ ಹೇಳುತ್ತೇನೆ.

ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ಹೈದರಾಬಾದಿನಲ್ಲಿ 2016ರಿಂದ ಟೈಫಾಯ್ಡ್ ಕೆರಳಿತು. ಸೆಫ್ಟ್ರಿಯಾಕ್ಸೋನ್ ಸೇರಿ ಐದು ಬಗೆಯ ಔಷಧಿಗಳು ನಾಟುತ್ತಿರಲಿಲ್ಲ. ಬಾಯಲ್ಲಿ ಕೊಡಬಹುದಾದದ್ದು ಅಜಿತ್ರೊಮೈಸಿನ್ ಒಂದೇ ಉಳಿದಿತ್ತು. ಅಲ್ಲಿ ಮಕ್ಕಳಿಗೆ ಕೊಟ್ಟದ್ದು ನಮ್ಮ ಹೈದರಾಬಾದಿನ ಭಾರತ್ ಬಯೋಟೆಕ್ ಮಾಡಿದ ಟೈಫಾಯ್ಡ್ ಕಾಂಜುಗೇಟ್ ಲಸಿಕೆ. 2019ರ ನವೆಂಬರಿನಲ್ಲಿ ಪಾಕಿಸ್ತಾನ ಅದನ್ನು ರಾಷ್ಟ್ರೀಯ ಲಸಿಕಾ ಕಾರ್ಯಕ್ರಮಕ್ಕೇ ಸೇರಿಸಿತು, ಹಾಗೆ ಮಾಡಿದ ಮೊದಲ ದೇಶ ಅದು. ನೇಪಾಳದ ಪ್ರಯೋಗದಲ್ಲಿ ಇದೇ ಲಸಿಕೆ ಸುಮಾರು 80% ರಕ್ಷಣೆ ಕೊಟ್ಟಿದೆ. ಬ್ಯಾಕ್ಟೀರಿಯಾ ಎಷ್ಟು ಔಷಧಿಗಳನ್ನು ಸೋಲಿಸಿದೆ ಅನ್ನುವುದು ಆಂಟಿಬಾಡಿಗೆ ಲೆಕ್ಕಕ್ಕಿಲ್ಲ.

ಆ ಲಸಿಕೆಯಲ್ಲಿ ಇರುವುದು ಟೈಫಾಯ್ಡ್ ಬ್ಯಾಕ್ಟೀರಿಯಾದ ಸಕ್ಕರೆ ಮತ್ತು ಅದಕ್ಕೆ ಕಟ್ಟಿದ ಟೆಟನಸ್ ಟಾಕ್ಸಾಯ್ಡ್. ಆ ಟಾಕ್ಸಾಯ್ಡ್‌ನ ಕೆಲಸ ಸಹಾಯಕ ಟಿ-ಕೋಶಗಳನ್ನು ಕರೆತರುವುದು. ಪುತ್ತೂರಿನವರೇ, ಪೆಪ್ಟೈಡ್‌ಗಳಿಗೆ ಅಲ್ಲಿ ಜಾಗ ಇದೆಯಲ್ಲವೇ?


ಪುತ್ತೂರು_ಪೆಪ್ಟೈಡ್

ಖಂಡಿತ ಇದೆ. ನನ್ನ ಆಸೆ ಇರುವುದೂ ಅಲ್ಲೇ. ಕ್ಲೆಬ್ಸಿಯೆಲ್ಲಾದ ಸಕ್ಕರೆಗೆ, ಆ ಬ್ಯಾಕ್ಟೀರಿಯಾದ್ದೇ ಆದ ಸಹಾಯಕ ಟಿ-ಕೋಶದ ಎಪಿಟೋಪ್‌ಗಳಿರುವ ಪ್ರೋಟೀನನ್ನು ಕಟ್ಟಿದರೆ, ಆಂಟಿಬಾಡಿಯೂ ಬರುತ್ತದೆ, ಮೆಲ್ಬರ್ನಿನವರ ಟಿಎಚ್-17 ದಾರಿಯೂ ತೆರೆಯಬಹುದು. ಎಂಎಚ್‌ಸಿ ಊಹೆ ಮಾಡುವ ತಂತ್ರಾಂಶಗಳು ನಿಜಕ್ಕೂ ಚೆನ್ನಾಗಿ ಮಾಡುವ ಕೆಲಸ ಅದೇ.

ಆದರೆ ಯಾರ ಎಂಎಚ್‌ಸಿ? ಮನುಷ್ಯರ ಎಂಎಚ್‌ಸಿಗೆ ಎಚ್‌ಎಲ್‌ಎ ಅನ್ನುತ್ತಾರೆ, ಜನರಿಂದ ಜನರಿಗೆ ತುಂಬಾ ಬದಲಾಗುತ್ತದೆ. ಐಇಡಿಬಿಯ 27 ಅಲೀಲ್‌ಗಳ (ಎಚ್‌ಎಲ್‌ಎ ಜೀನಿನ ರೂಪಗಳ) ಸಿದ್ಧ ಪಟ್ಟಿಯನ್ನು ಎಲ್ಲರೂ ಹಾಗೇ ಬಳಸುತ್ತಾರೆ. ಎರಡನೇ ದರ್ಜೆಗೆ ಅದು ಪರವಾಗಿಲ್ಲ, ನಮ್ಮಲ್ಲಿ ಜಾಸ್ತಿ ಕಾಣುವ ಡಿಆರ್‌ಬಿ1*15 ಮತ್ತು *07 ಗುಂಪಿನವು ಅದರಲ್ಲಿವೆ. ಮೊದಲ ದರ್ಜೆಯಲ್ಲಿ ತೊಂದರೆ. ಯುರೋಪಿನವರಲ್ಲಿ ಎ*02:01 ಸಾಮಾನ್ಯ, ಭಾರತದಲ್ಲಿ ಅದರ ತಮ್ಮ ಎ*02:11 ಹೆಚ್ಚು. ಅಣುಗಳು ಹತ್ತಿರದವಾದರೂ ಹಿಡಿಯುವ ತುಣುಕುಗಳಲ್ಲಿ ವ್ಯತ್ಯಾಸ ಇದೆ. ಮಂಡ್ಯದ ತಾಯಿಗೆ, ಬೀದರಿನ ತಾಯಿಗೆ ಲಸಿಕೆ ಮಾಡುತ್ತೇವೆ ಅನ್ನುವವರು ನಮ್ಮ ಜನರ ಎಚ್‌ಎಲ್‌ಎ ಪಟ್ಟಿಯಿಂದ ಶುರುಮಾಡಬೇಕು.


ಧಾರವಾಡ_ಎಂಎಸ್ಸಿ

ಎಲ್ಲರಿಗೂ ಥ್ಯಾಂಕ್ಸ್. ಮೊದಲು ಓದಿದಾಗ ಸ್ವಲ್ಪ ಧೈರ್ಯ ಹೋಯಿತು, ಈಗ ಉತ್ಸಾಹ ಬಂದಿದೆ. ನನ್ನ ಹತ್ತಿರ ಲ್ಯಾಪ್‌ಟಾಪ್ ಇದೆ, ಡಿಪಾರ್ಟ್‌ಮೆಂಟಿನಲ್ಲಿ ಎಲೈಸಾ (ಆಂಟಿಬಾಡಿ ಅಳೆಯುವ ಪರೀಕ್ಷೆ) ರೀಡರ್ ಇದೆ. ದುಡ್ಡು ಕಡಿಮೆ. ಇಷ್ಟರಲ್ಲಿ ನಿಜವಾದ ಒಂದು ಹೆಜ್ಜೆ ಮುಂದೆ ಇಡಬೇಕು ಅಂದರೆ ಏನು ಮಾಡಲಿ ಸರ್?


ಪುತ್ತೂರು_ಪೆಪ್ಟೈಡ್

ಇದೇ ಪ್ರಶ್ನೆ ಬೇಕಿತ್ತು.

ಮೊದಲು ನಿಮ್ಮ ವಿಧಾನವನ್ನೇ ಪರೀಕ್ಷೆಗೆ ಹಚ್ಚಿ. ಓಎಂಪಿ-ಎ ಸರಣಿಯ ಅಕ್ಷರಗಳನ್ನು ಕಲಸಿ, ಅರ್ಥವಿಲ್ಲದ ಒಂದು ಸರಣಿ ಮಾಡಿ. ಜೀವಕೋಶದ ಒಳಗೇ ಇರುವ ಇನ್ನೊಂದು ಪ್ರೋಟೀನ್ ತಗೊಳ್ಳಿ. ಎರಡನ್ನೂ ಅದೇ ಹೆಜ್ಜೆಗಳಲ್ಲಿ ಓಡಿಸಿ, ಡಾಕಿಂಗ್ ಮತ್ತು ಸಿ-ಇಮ್‌ಸಿಮ್ ಗ್ರಾಫ್ ಸಮೇತ. ನಿಮ್ಮ ಲಸಿಕೆಯ ಅಂಕಗಳಿಗೂ ಇವುಗಳ ಅಂಕಗಳಿಗೂ ಎಷ್ಟು ವ್ಯತ್ಯಾಸ ಇದೆ ಅಂತ ಒಂದು ಕೋಷ್ಟಕದಲ್ಲಿ ಇಡಿ. ಇಷ್ಟು ಮಾಡಿದರೇ ನಿಮ್ಮ ಪ್ರಾಜೆಕ್ಟ್ ಬೇರೆಯವರದಕ್ಕಿಂತ ಮೇಲೆ ನಿಲ್ಲುತ್ತದೆ. ಖರ್ಚು ಏನೂ ಇಲ್ಲ.

ಆಮೇಲೆ ನಮ್ಮ ದೇಶದ ತಳಿಗಳನ್ನು ನೋಡಿ. ಕ್ಲೆಬ್ಸಿಯೆಲ್ಲಾಗೆ ಬೆಂಗಳೂರಿನ ಕಿಮ್ಸ್‌ನ ಸೆಂಟ್ರಲ್ ರಿಸರ್ಚ್ ಲ್ಯಾಬ್‌ನವರು ದೇಶದ ಬೇರೆಬೇರೆ ಆಸ್ಪತ್ರೆಗಳಿಂದ ಬಂದ ತಳಿಗಳ ಜೀನೋಮ್ ಓದಿ ಪ್ರಕಟಿಸಿದ್ದಾರೆ. ನಮ್ಮಲ್ಲಿ ಎಸ್‌ಟಿ231, ಎಸ್‌ಟಿ147 ಎಂಬ ತಳಿಗಳ ಹಾವಳಿ ಜಾಸ್ತಿ. ಅವುಗಳ ಜೊತೆ ಬರುವ ಕ್ಯಾಪ್ಸೂಲ್‌ಗಳು ಕೆಎಲ್51, ಕೆಎಲ್64. ನಿಮ್ಮದು ಅಸಿನೆಟೋಬ್ಯಾಕ್ಟರ್ ಆದ್ದರಿಂದ ಅದರ ಭಾರತೀಯ ಜೀನೋಮ್‌ಗಳನ್ನು ಸಾರ್ವಜನಿಕ ಭಂಡಾರದಿಂದ ಇಳಿಸಿಕೊಳ್ಳಿ. ನಿಮ್ಮ ಎಪಿಟೋಪ್ ಅವುಗಳಲ್ಲಿ ಹಾಗೇ ಇದೆಯೇ ನೋಡಿ. ಮನುಷ್ಯನ ಪ್ರೋಟೀನ್‌ಗಳ ಜೊತೆಗೆ ನಮ್ಮ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಹೋಲಿಸಿ, ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ.

ಮೂರನೆಯದಕ್ಕೆ ಸ್ವಲ್ಪ ದುಡ್ಡು ಬೇಕು. ಒಂದೇ ಉದ್ದದ ಜೋಡಣೆ ಬಿಡಿ. ಬಿ-ಕೋಶದ ಎಪಿಟೋಪ್ ಅಂತ ನೀವು ನಂಬುವ ನಾಲ್ಕೈದು ಪೆಪ್ಟೈಡ್ ಮಾತ್ರ ಮಾಡಿಸಿ. ಪ್ರತಿಯೊಂದಕ್ಕೂ ಅದೇ ಅಕ್ಷರ ಕಲಸಿದ ಜೋಡಿಯೂ ಇರಲಿ. ಪೆಪ್ಟೈಡಿಗೆ ಬಯೋಟಿನ್ ಹಚ್ಚಿಸಿ, ಅದನ್ನು ಬಿಗಿಯಾಗಿ ಹಿಡಿಯುವ ಸ್ಟ್ರೆಪ್ಟಾವಿಡಿನ್ ಪ್ಲೇಟಿನಲ್ಲಿ ಕೂರಿಸಿ. ಸಣ್ಣ ಪೆಪ್ಟೈಡ್ ಮಾಮೂಲಿ ಪ್ಲೇಟಿಗೆ ಸರಿಯಾಗಿ ಅಂಟುವುದಿಲ್ಲ. ಆಮೇಲೆ ಈ ಸೋಂಕಿನಿಂದ ಚೇತರಿಸಿಕೊಂಡವರ ಸೀರಮ್ ಹಾಕಿ, ಆಂಟಿಬಾಡಿ ಗುರುತಿಸುತ್ತದೆಯೇ ನೋಡಿ. ಗುರುತಿಸಿದ ತಕ್ಷಣ ಲಸಿಕೆ ಆಗುವುದಿಲ್ಲ. ಆದರೆ ಒಂದೂ ಗುರುತಿಸದಿದ್ದರೆ ಅದು ಕೂಡ ಪ್ರಕಟಿಸಬೇಕಾದ ಉತ್ತರ.


ತುಂಗಭದ್ರೆ_ಲ್ಯಾಬ್

ಸೀರಮ್ ವಿಷಯದಲ್ಲಿ ನಾನು ಸಹಾಯ ಮಾಡಬಲ್ಲೆ. ಪರೀಕ್ಷೆ ಮುಗಿದ ಮೇಲೆ ಉಳಿಯುವ ಸ್ಯಾಂಪಲ್‌ಗಳು ನಮ್ಮಲ್ಲಿ ದಿನಾ ಚೆಲ್ಲಿಹೋಗುತ್ತವೆ. ನಮ್ಮ ಎಥಿಕ್ಸ್ ಕಮಿಟಿ ಒಪ್ಪಿದರೆ, ಹೆಸರು-ಗುರುತು ತೆಗೆದು ಕೊಡಬಹುದು. ಧಾರವಾಡದವರೇ, ನಿಮ್ಮ ಗೈಡ್ ಕಡೆಯಿಂದ ನಮ್ಮ ಆಸ್ಪತ್ರೆಗೆ ಒಂದು ಪತ್ರ ಮತ್ತು ಎರಡು ಪುಟದ ಪ್ರೋಟೋಕಾಲ್ ಬರಲಿ, ಮುಂದಿನ ಸಭೆಗೆ ಇಡುತ್ತೇನೆ. ನನಗೆ ಖಾಸಗಿ ಸಂದೇಶ ಕಳಿಸಿ.

ಡಾಕ್ಟ್ರೇ, ಹೆರಿಗೆ ಸಮಯದ ಹೊಕ್ಕುಳಬಳ್ಳಿಯ ರಕ್ತವನ್ನೂ ಸೇರಿಸಿದರೆ ಹೇಗೆ? ತಾಯಿಯಲ್ಲಿ ಎಷ್ಟಿದೆ, ಮಗುವಿಗೆ ಎಷ್ಟು ಹೋಗಿದೆ ಅಂತ ಒಟ್ಟಿಗೇ ಕಾಣುತ್ತದೆ.


ಬಿಸಿಲನಾಡ_ಮಕ್ಕಳವೈದ್ಯ

ಸೇರಿಸಲೇಬೇಕು ಮೇಡಂ. ಹೊಕ್ಕುಳಬಳ್ಳಿಯ ರಕ್ತ ಹೇಗೂ ಮಾಸಿನ ಜೊತೆ ಹೋಗುವಂಥದ್ದು, ಮಗುವಿಗೆ ಚುಚ್ಚುವ ಪ್ರಶ್ನೆಯೇ ಇಲ್ಲ. ಆದರೆ ತಾಯಿಯ ಒಪ್ಪಿಗೆಯನ್ನು ಹೆರಿಗೆ ನೋವು ಶುರುವಾಗುವ ಮೊದಲೇ, ತಪಾಸಣೆಗೆ ಬಂದಾಗ ಕೇಳಿ. ಕನ್ನಡದಲ್ಲಿ ಬರೆದ ಒಪ್ಪಿಗೆ ಪತ್ರ ಇರಲಿ. ಗರ್ಭದ ವಾರ ಕಡ್ಡಾಯವಾಗಿ ದಾಖಲಿಸಿ. 34 ವಾರದ ಒಳಗಿನ ಹೆರಿಗೆಗಳನ್ನು ಬೇರೆ ಗುಂಪಾಗಿ ಇಡಿ, ಇಲ್ಲದಿದ್ದರೆ ಸರಾಸರಿಯಲ್ಲಿ ಆ ಮಕ್ಕಳ ವಿಷಯ ಮುಚ್ಚಿಹೋಗುತ್ತದೆ. ಒಪ್ಪಿಗೆ ಪತ್ರದ ಕರಡು ನಾನು ಬರೆದು ಕಳಿಸುತ್ತೇನೆ.


ಪುತ್ತೂರು_ಪೆಪ್ಟೈಡ್

ಕಲಸಿದ ಪೆಪ್ಟೈಡ್‌ಗಳ ಸರಣಿಯನ್ನು ನಾನು ನೋಡಿಕೊಡುತ್ತೇನೆ. ಕಲಸುವಾಗ ಅಕಸ್ಮಾತ್ ಬೇರೆ ಯಾವುದಾದರೂ ಬ್ಯಾಕ್ಟೀರಿಯಾದ ತುಣುಕಿಗೆ ಹೋಲಿದರೆ ಹೋಲಿಕೆ ಕೆಟ್ಟುಹೋಗುತ್ತದೆ. ಮೇಡಂ, ಸೀರಮ್ಮನ್ನು ಮೊದಲ ದಿನವೇ ಸಣ್ಣ ಟ್ಯೂಬ್‌ಗಳಿಗೆ ಹಂಚಿ ಮೈನಸ್ 80ರಲ್ಲಿ ಇಡಿಸಿ. ಒಂದೇ ಟ್ಯೂಬನ್ನು ಮತ್ತೆ ಮತ್ತೆ ಕರಗಿಸಿ ಹೆಪ್ಪುಗಟ್ಟಿಸಿದರೆ ಆಂಟಿಬಾಡಿ ಹಾಳಾಗುತ್ತದೆ. ಟ್ಯೂಬಿನ ಮೇಲೆ ನಂಬರ್ ಮಾತ್ರ ಇರಲಿ, ಯಾವುದು ರೋಗಿಯದು, ಯಾವುದು ಆರೋಗ್ಯವಂತರದು ಅಂತ ಎಲೈಸಾ ಮಾಡುವವರಿಗೆ ಓದಿ ಮುಗಿಯುವವರೆಗೆ ಗೊತ್ತಾಗಬಾರದು.